ರಿಪೇರಿ ಪಡಸಾಲೆ: ಜೋಡಿಸಿದ ಮೇಲೆ ಉಳಿದ ಸ್ಕ್ರೂ

ಹೋದ ಸಂಚಿಕೆಯಲ್ಲಿ "ಮನೆಯಲ್ಲಿ ಕೆಟ್ಟು ಕೂತ ಸಾಮಾನಿನ ಕತೆ ಬರೆಯಿರಿ" ಎಂದು ಒಂದು ಸಾಲು ಹಾಕಿದ್ದೆವು. ನಾಲ್ಕೈದು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಬಂದ ರಾಶಿ ನೋಡಿದರೆ ಕರ್ನಾಟಕದಲ್ಲಿ ಓಡುವ ಮಿಕ್ಸಿಗಿಂತ ನಿಂತ ಮಿಕ್ಸಿಯೇ ಜಾಸ್ತಿ ಇರಬೇಕು ಅನಿಸುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಮೂವತ್ತು ವರ್ಷದಿಂದ ಮನೆಯ ಸಾಮಾನು ಬಿಚ್ಚುತ್ತಿದ್ದೇನೆ. ಕೆಲವನ್ನು ಸರಿ ಮಾಡಿದ್ದೇನೆ, ಕೆಲವನ್ನು ಗುಜರಿಗೆ ಹೋಗಬೇಕಾದ ದಿನಕ್ಕಿಂತ ಮೊದಲೇ ಕಳಿಸಿದ್ದೇನೆ. ಇಲ್ಲಿರುವ ಉತ್ತರಗಳಲ್ಲಿ ಅರ್ಧ ಕೈ ಸುಟ್ಟುಕೊಂಡು ಕಲಿತದ್ದು.

ಪ್ರ: ಹಬ್ಬದ ಹಿಂದಿನ ದಿನ ಚಟ್ನಿಪುಡಿ ಮಾಡುವಾಗ ಮಿಕ್ಸಿ ಗುರ್ರ್ ಅಂತ ನಿಂತೇಹೋಯಿತು. ಸ್ವಲ್ಪ ಸುಟ್ಟ ವಾಸನೆಯೂ ಬಂತು. ಅಂಗಡಿಯವನು ಮುಟ್ಟಿ ಕೂಡ ನೋಡದೆ "ಕಾಯಿಲ್ ಹೋಗಿದೆ, 1,800 ಆಗುತ್ತೆ, ಅದರ ಬದಲು ಹೊಸದೇ ತಗೊಳ್ಳಿ" ಅಂದ. ಏನು ಮಾಡಲಿ?
– ಗೃಹಿಣಿ, ಹಾಸನ

ಉ: ಪ್ಲಗ್ ಕಿತ್ತು ಮಿಕ್ಸಿಯನ್ನು ಮಗುಚಿ ಹಾಕಿ. ಅಡಿಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಹೆಚ್ಚಿನವುಗಳಲ್ಲಿ ಕೆಂಪು ಬಣ್ಣದ್ದು. ಅದು ಓವರ್‌ಲೋಡ್ ಸ್ವಿಚ್. ಮೋಟರಿಗೆ ಭಾರ ಮೀರಿ ಕರೆಂಟು ವಿಪರೀತ ಎಳೆದಾಗ ಅದು ತಾನೇ ಹೊರಗೆ ಚಿಮ್ಮಿ ಕರೆಂಟು ಕಡಿಯುತ್ತದೆ. ಕಾಲು ಗಂಟೆ ಆರಲು ಬಿಟ್ಟು, ಆ ಗುಂಡಿ ಒತ್ತಿ, ಜಾರ್ ಇಡದೆ ಎರಡು ಸೆಕೆಂಡು ಓಡಿಸಿ ನೋಡಿ. (ಜಾರ್ ಇಟ್ಟರೆ ಮಾತ್ರ ಓಡುವ ಮಿಕ್ಸಿಯಾದರೆ ಖಾಲಿ ಜಾರ್ ಇಡಿ.) ಸಲೀಸಾಗಿ ತಿರುಗಿದರೆ ಕಾಯಿಲ್ (ಮೋಟರಿನ ಸುರುಳಿ ತಂತಿ) ನೆಟ್ಟಗಿದೆ ಎಂದೇ ಅರ್ಥ. ಅಂಗಡಿಯವನಿಗೆ ನಮಸ್ಕಾರ ಹೇಳಿ ಮನೆಗೆ ಬನ್ನಿ.

ಆದರೆ ಭಾರ ಯಾಕೆ ಬಿತ್ತು ಅಂತಲೂ ನೋಡಬೇಕು ಅಲ್ವಾ? ಜಾರನ್ನು ಮಗುಚಿ ಅಡಿಯಲ್ಲಿರುವ ಕಪ್ಲರನ್ನು, ಅಂದರೆ ಮೋಟರಿಗೆ ಕೂಡುವ ಹಲ್ಲಿನ ತುಂಡನ್ನು, ಬೆರಳಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೇಡಿನ ಬುಷ್ (ಬ್ಲೇಡಿನ ದಂಡ ತಿರುಗುವ ಕೊಳವೆ) ಒಳಗೆ ನೀರು ಇಳಿದು ತುಕ್ಕು ಹಿಡಿದಿದೆ. ಅಂದರೆ ಕೆಟ್ಟಿರುವುದು ಜಾರ್, ಮಿಕ್ಸಿ ಅಲ್ಲ. ಬುಷ್ ಹಾಕಿಸುವುದು ಸಣ್ಣ ಖರ್ಚಿನ ಕೆಲಸ. ಮೋಟರ್ ಓಡುತ್ತದೆ, ಬ್ಲೇಡ್ ಮಾತ್ರ ತಿರುಗಲ್ಲ ಅಂದರೆ ಮೋಟರಿನ ಮೇಲಿರುವ ಪ್ಲಾಸ್ಟಿಕ್ ಕಪ್ಲರಿನ ಹಲ್ಲು ಸವೆದಿದೆ. ಇದನ್ನು ಮನೆಯಲ್ಲೇ ಬದಲಿಸಬಹುದು, ಆದರೆ ಇಲ್ಲೊಂದು ಕಿತಾಪತಿ ಇದೆ. ಇದರ ಮರೆಯನ್ನು (ಸ್ಕ್ರೂನಲ್ಲಿರುವಂಥ ಸುತ್ತುಗೆರೆ) ಓಡುವಾಗ ಇನ್ನಷ್ಟು ಬಿಗಿಯಾಗುವ ಹಾಗೆ ಕೊರೆದಿರುತ್ತಾರೆ. ಆದ್ದರಿಂದ ಬಿಚ್ಚಬೇಕಾದರೆ ಅಡಿಯಿಂದ ಮೋಟರಿನ ದಂಡವನ್ನು (ಶಾಫ್ಟ್) ಸ್ಕ್ರೂಡ್ರೈವರಿನಲ್ಲಿ ಹಿಡಿದುಕೊಂಡು, ಮಿಕ್ಸಿ ಓಡುವಾಗ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ಕಪ್ಲರನ್ನು ತಿರುಗಿಸಬೇಕು. ನಾನು ಮೊದಲ ಸಲ ಮಾಮೂಲಿ ಸ್ಕ್ರೂ ಥರಾ ಎಡಕ್ಕೆ ತಿರುಗಿಸಿ ತಿರುಗಿಸಿ, ಬರಲಿಲ್ಲ ಅಂತ ಇಕ್ಕಳ ಹಾಕಿ, ಕೊನೆಗೆ ಕಪ್ಲರ್ ಎರಡು ಹೋಳಾಗಿ ಅದರ ಹಿತ್ತಾಳೆ ನಟ್ಟು ಶಾಫ್ಟಿನಲ್ಲೇ ಉಳಿದು, ಮೂವತ್ತು ರೂಪಾಯಿಯ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಕಳೆದಿದ್ದೆ. ಹೆಂಡತಿ ಅವತ್ತು ಪಕ್ಕದ ಮನೆಯಲ್ಲಿ ಕಾಯಿ ರುಬ್ಬಿಸಿಕೊಂಡು ಬಂದಳು.

ಒಳಗಿನಿಂದ ಕಿಡಿ ಜೋರಾಗಿ ಕಾಣುತ್ತಾ, ನಿಂತು ನಿಂತು ಓಡುತ್ತಿದ್ದರೆ ಕಾರ್ಬನ್ ಸವೆದಿರುತ್ತದೆ. ಮೋಟರಿನ ಎರಡೂ ಬದಿಯಲ್ಲಿ ಸ್ಪ್ರಿಂಗಿನ ಜೊತೆ ಇರುವ ಕರಿ ತುಂಡುಗಳು ಅವು. ಒಂದೇ ಸವೆದಿದ್ದರೂ ಎರಡನ್ನೂ ಬದಲಿಸಿ. ಇದೆಲ್ಲ ನೋಡಿದ ಮೇಲೂ ಮೋಟರ್ ಜಪ್ಪಯ್ಯ ಅನ್ನದಿದ್ದರೆ, ಅಥವಾ ಸುರುಳಿ ತಂತಿ ಕಣ್ಣಿಗೆ ಕಾಣುವ ಹಾಗೆ ಕಪ್ಪಾಗಿದ್ದರೆ, ಆಗ ಕಾಯಿಲ್ ಹೋಗಿದೆ ಅನ್ನಿ.

ಅಂಗಡಿಗೆ ಹೋದಾಗ "ಮಿಕ್ಸಿ ಕೆಟ್ಟಿದೆ" ಅನ್ನಬೇಡಿ. "ಜಾರಿನ ಬುಷ್ ಹಾಕಿ", "ಕಾರ್ಬನ್ ಬದಲಿಸಿ" ಅನ್ನಿ. ಕೆಟ್ಟಿರುವುದರ ಹೆಸರು ಗೊತ್ತಿರುವವರಿಗೆ ರೇಟೇ ಬೇರೆ.

ಪ್ರ: ನಮ್ಮ ಯಜಮಾನರಿಗೆ ನಿಮ್ಮ ಅಂಕಣ ಓದಿ ಹುಚ್ಚು ಹತ್ತಿದೆ. ಈಗ ಊಟದ ಮೇಜಿನ ಮೇಲೆ ಒಂದು ಟೇಬಲ್ ಫ್ಯಾನ್, ಒಂದು ಇಸ್ತ್ರಿಪೆಟ್ಟಿಗೆ, ಅರ್ಧ ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿ ಬಿದ್ದಿವೆ. ಒಂದು ತಿಂಗಳಾಯಿತು. ಕೇಳಿದರೆ "ಪಾರ್ಟ್ ಬರಬೇಕು" ಅಂತಾರೆ. ನಾವು ನೆಲದ ಮೇಲೆ ಕೂತು ಉಣ್ಣಾಕತ್ತೀವಿ.
– ಹೆಸರು ಬೇಡ, ಹುಬ್ಬಳ್ಳಿ

ಉ: ತಪ್ಪು ನನ್ನದೇ, ಒಪ್ಪಿಕೊಂಡೆ. ಇನ್ನು ಯಜಮಾನರಿಗೆ ನೇರವಾಗಿ ಬರೆಯುತ್ತೇನೆ, ಈ ಪುಟ ಅವರ ಮುಂದೆ ಹಿಡಿಯಿರಿ.

ಸ್ವಾಮಿ, ಬಿಚ್ಚುವ ಉಮೇದು ನನಗೂ ಗೊತ್ತು. ಸ್ಕ್ರೂ ಒಂದೊಂದೇ ಬರುವಾಗ ಸಿಗುವ ಸುಖ ಜೋಡಿಸುವಾಗ ಸಿಗುವುದಿಲ್ಲ. ಅದಕ್ಕೇ ನಮ್ಮಂಥವರ ಮನೆಯಲ್ಲಿ ಅರ್ಧ ಬಿಚ್ಚಿದ ಸಾಮಾನು ತುಂಬಿರುವುದು. ನನ್ನ ಮನೆಯಲ್ಲಿ ಈಗ ಕಾನೂನು ಬಂದಿದೆ: ಒಂದು ಜೋಡಿಸದೆ ಇನ್ನೊಂದು ಬಿಚ್ಚುವಂತಿಲ್ಲ. ಬಿಚ್ಚುವ ಮುಂಚೆ ಮತ್ತು ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗೆಯಿರಿ, ಅದರಲ್ಲೂ ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ ಅನ್ನುವುದನ್ನು. "ನೆನಪಿರುತ್ತೆ ಬಿಡು" ಅಂದುಕೊಂಡದ್ದು ಚಹಾ ಕುಡಿದು ಬರುವಷ್ಟರಲ್ಲಿ ಮರೆತಿರುತ್ತದೆ. ಸ್ಕ್ರೂಗಳಿಗೆ ಮೊಟ್ಟೆ ಇಡುವ ಟ್ರೇ ಬಹಳ ಅನುಕೂಲ. ಮೊದಲು ಬಿಚ್ಚಿದ್ದು ಮೊದಲ ಗುಳಿಯಲ್ಲಿ, ಆಮೇಲಿನದು ಎರಡನೆಯದರಲ್ಲಿ. ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಉದ್ದನೆಯದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅದು ಆಚೆ ಕಡೆ ಹೋಗಿ ವೈರನ್ನೋ ಪ್ಲಾಸ್ಟಿಕ್ಕನ್ನೋ ಚುಚ್ಚುತ್ತದೆ.

ಎಲ್ಲ ಜೋಡಿಸಿದ ಮೇಲೂ ಒಂದು ಸ್ಕ್ರೂ ಉಳಿದರೆ? ಉಳಿಯುತ್ತದೆ. ಕಂಪನಿಯವರು ಹೆಚ್ಚಿಗೆ ಹಾಕಿದ್ದರು ಅಂತ ಹೆಂಡತಿಗೆ ಹೇಳಬೇಡಿ, ನಾನು ಹೇಳಿ ನೋಡಿದ್ದೇನೆ. ಮತ್ತೆ ಬಿಚ್ಚಿ, ಎಲ್ಲಿಯದು ಹುಡುಕಿ.

ಅಂದಹಾಗೆ ಇಸ್ತ್ರಿಪೆಟ್ಟಿಗೆಗೆ ಏನಾಗಿತ್ತು? ಪೂರ್ತಿ ಬಿಚ್ಚುವ ಅಗತ್ಯವೇ ಇರಲಿಲ್ಲವೇನೋ. ಅದರಲ್ಲಿ ಮೊದಲು ಸಾಯುವುದು ವೈರು, ಅದೂ ಪೆಟ್ಟಿಗೆಯೊಳಗೆ ಹೋಗುವ ಬುಡದಲ್ಲಿ, ದಿನಾ ಅಲ್ಲೇ ಮಡಚಿ ಮಡಚಿ ಒಳಗಿನ ತಾಮ್ರದ ಎಳೆ ತುಂಡಾಗುತ್ತದೆ. ಹೊಸದಾಗಿ ಹತ್ತಿ ಸುತ್ತಿದ ಮೂರೆಳೆ ವೈರು ಹಾಕಿಸಿ. ಟೇಪ್ ಸುತ್ತಿ ಕೆಲಸ ಮುಗಿಸಬೇಡಿ, ಬಿಸಿಗೆ ಟೇಪ್ ಬಿಟ್ಟುಕೊಳ್ಳುತ್ತದೆ.

ಪ್ರ: ಫ್ಯಾನ್ ಐದರಲ್ಲಿಟ್ಟರೂ ಎರಡರಲ್ಲಿಟ್ಟ ಹಾಗೆ ತಿರುಗುತ್ತದೆ. ಕೆಲವೊಮ್ಮೆ ಕೋಲಿನಲ್ಲಿ ತಳ್ಳಿದರೆ ಮಾತ್ರ ಶುರುವಾಗುತ್ತದೆ. ಇಲ್ಲಿಯ ಬಿಸಿಲು ನಿಮಗೆ ಗೊತ್ತಲ್ಲ.
– ಶಿಕ್ಷಕರು, ರಾಯಚೂರು

ಉ: ಕೋಲಿನಲ್ಲಿ ತಳ್ಳಿ ನೀವೇ ಕಾಯಿಲೆ ಪತ್ತೆ ಮಾಡಿದ್ದೀರಿ. ಕೆಪಾಸಿಟರ್ ಸೊರಗಿದೆ. ಫ್ಯಾನಿನ ಮೋಟರಿಗೆ ತಿರುಗುವ ಒತ್ತು ಕೊಡುವುದು ಅದೇ. ವರ್ಷ ಕಳೆದಂತೆ, ಅದೂ ನಿಮ್ಮೂರಿನ ಸೆಕೆಯಲ್ಲಿ, ಅದರ ಶಕ್ತಿ ಇಳಿಯುತ್ತದೆ. ಮೇಲಿನ ಬಟ್ಟಲಿನ ಹತ್ತಿರ ಬಿಳಿಯದೋ ಕರಿಯದೋ ಬೆರಳು ಗಾತ್ರದ ಡಬ್ಬಿ ಇರುತ್ತದೆ. ಮೇಲೆ 2.5 ಮೈಕ್ರೋಫ್ಯಾರಡ್ ಎಂದೋ 3.15 ಎಂದೋ ಬರೆದಿರುತ್ತದೆ. ಎಷ್ಟಿದೆಯೋ ಅಷ್ಟೇ ತನ್ನಿ. ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಾಯಿಲ್ ಬಿಸಿಯಾಗಿ ಸುಡುತ್ತದೆ. ನೂರು ರೂಪಾಯಿಯ ಒಳಗಿನ ವಸ್ತು.

ಬರೀ ರೆಗ್ಯುಲೇಟರ್ ಆಫ್ ಮಾಡಿ ಕೈ ಹಾಕಬೇಡಿ, ಮೇನ್ ಬೋರ್ಡಿನ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ತಂತಿಗೆ ಹಾಕುವ ಬದಲು ವಾಪಸು ಹೋಗುವ ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಫ್ಯಾನಿನ ತಂತಿಯಲ್ಲಿ 230 ವೋಲ್ಟು ಕೂತೇ ಇರುತ್ತದೆ. ಕೆಪಾಸಿಟರಿಗೆ ಪ್ಲಸ್ಸು ಮೈನಸ್ಸು ಇಲ್ಲ, ಅದರ ಎರಡು ತಂತಿ ಅದಲುಬದಲಾದರೂ ಪರವಾಗಿಲ್ಲ. ಆದರೆ ಫ್ಯಾನಿನ ಉಳಿದ ತಂತಿಗಳ ಜಾಗ ತಪ್ಪಿದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಸೂರಿಗೆ ಬಿಡುತ್ತದೆ. ಫೋಟೊ ತೆಗೆದುಕೊಳ್ಳಿ ಅಂದದ್ದು ಇದಕ್ಕೇ. ರಿಮೋಟ್ ಇರುವ ಹೊಸ ಬಿಎಲ್‌ಡಿಸಿ ಫ್ಯಾನಾದರೆ ಎಂಸಿಬಿ ಇಳಿಸುವುದೊಂದು ಬಿಟ್ಟು ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಅದರೊಳಗೆ ಇರುವುದು ಎಲೆಕ್ಟ್ರಾನಿಕ್ ಬೋರ್ಡು.

ಪ್ರ: ಫ್ರಿಜ್ಜಿನಲ್ಲಿ ತರಕಾರಿ ಡಬ್ಬದ ಕೆಳಗೆ ದಿನಾ ನೀರು ನಿಲ್ಲುತ್ತದೆ. ಗ್ಯಾಸ್ ಲೀಕ್ ಅಂತೆ?
– ಓದುಗರು, ಉಡುಪಿ

ಉ: ಗ್ಯಾಸ್ ಲೀಕಾದರೆ ನೀರು ನಿಲ್ಲುವುದಿಲ್ಲ, ಫ್ರಿಜ್ ತಣ್ಣಗಾಗುವುದು ನಿಲ್ಲುತ್ತದೆ. ನಿಮ್ಮದರಲ್ಲಿ ಹಿಂಭಾಗದ ಗೋಡೆಯ ಬುಡದಲ್ಲಿ ನೀರು ಇಳಿದುಹೋಗುವ ಸಣ್ಣ ತೂತು ಕಟ್ಟಿಕೊಂಡಿದೆ. ಕೊತ್ತಂಬರಿ ಸೊಪ್ಪಿನ ಎಲೆಯೋ, ಕರಿಬೇವೋ ಸಿಕ್ಕಿರುತ್ತದೆ. ಫ್ರಿಜ್ ಆಫ್ ಮಾಡಿ, ಸೂಜಿ ತೆಗೆದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಆ ತೂತಿಗೆ ಎರಡು ಮೂರು ಸಲ ಬಿಡಿ. ಗುಳುಕ್ ಅಂತ ಇಳಿದ ಶಬ್ದ ಕೇಳಿಸುತ್ತದೆ ನೋಡಿ, ಅಷ್ಟು ಸಂತೋಷ ನನಗೆ ಸಂಬಳ ಹೆಚ್ಚಾದಾಗಲೂ ಆಗಿಲ್ಲ.

ಪ್ರ: ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ನೀರು ಹೊರಗೆ ಬಿಡದೆ ನಿಲ್ಲುತ್ತದೆ, ಪರದೆ ಮೇಲೆ ಏನೋ ಕೋಡ್ ತೋರಿಸುತ್ತದೆ. ಬಂದ ಹುಡುಗ ಮೂರು ನಿಮಿಷ ನೋಡಿ ಬೋರ್ಡ್ ಬದಲಿಸಬೇಕು, 6,500 ಅಂದ. ನೋಡಿದ್ದಕ್ಕೇ 450 ತಗೊಂಡ.
– ಐಟಿ ಉದ್ಯೋಗಿ, ಬೆಂಗಳೂರು

ಉ: ಮೆಷಿನ್ ಮುಂದೆ ಕೆಳಗಡೆ ಮೂಲೆಯಲ್ಲಿ ಒಂದು ಪುಟ್ಟ ಬಾಗಿಲು ಇದೆ, ತೆಗೆದು ನೋಡಿದ್ದೀರಾ? ಕೊಂಡು ಐದು ವರ್ಷವಾದರೂ ಅದನ್ನು ತೆಗೆಯದ ಮನೆಗಳು ಎಷ್ಟೋ. ಒಳಗೆ ತಿರುಗಿಸಿ ಬಿಚ್ಚುವ ಫಿಲ್ಟರ್ ಇರುತ್ತದೆ. ಅದರ ಹಿಂದೆಯೇ ನೀರು ಹೊರದೂಡುವ ಪಂಪು. ಪ್ಲಗ್ ಕಿತ್ತು, ಅಗಲವಾದ ತಟ್ಟೆ ಇಟ್ಟು, ನೆಲಕ್ಕೆ ಹಳೇ ಪಂಚೆ ಹಾಸಿ, ಪಕ್ಕದಲ್ಲಿ ಸಣ್ಣ ರಬ್ಬರ್ ಕೊಳವೆ ಇದ್ದರೆ ಮೊದಲು ಅದರಿಂದ ನೀರು ಬಿಟ್ಟು, ಆಮೇಲೆ ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ. ಒಮ್ಮೆಲೇ ತಿರುಗಿಸಿದರೆ ಅಡುಗೆಮನೆಯೇ ಕೆರೆಯಾಗುತ್ತದೆ. ನಮ್ಮ ಮನೆಯ ಫಿಲ್ಟರಿನಲ್ಲಿ ಸಿಕ್ಕಿದ್ದು: ಮೂರು ಹೇರ್‌ಪಿನ್ನು, ಎರಡು ರೂಪಾಯಿ ನಾಣ್ಯ, ಕಡಲೆಬೀಜದ ಸಿಪ್ಪೆ, ಒಂದು ಬಸ್ ಟಿಕೆಟ್ಟಿನ ಮುದ್ದೆ. ಫಿಲ್ಟರ್ ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಪುಟ್ಟ ರೆಕ್ಕೆಚಕ್ರ ಕಾಣುತ್ತದೆ. ಅದಕ್ಕೆ ದಾರವೋ ಕೂದಲೋ ಸುತ್ತಿದ್ದರೆ ಬಿಡಿಸಿ.

ನೀರು ಒಳಗೆ ಬರುವುದೇ ನಿಧಾನವಾದರೆ ಹಿಂದಿನ ಪೈಪು ಸೇರುವ ಕಡೆ ಸಣ್ಣ ಜಾಲರಿ ಇರುತ್ತದೆ, ಅದನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ. ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಬೆಂಗಳೂರಿನ ಅರ್ಧಕ್ಕರ್ಧ ಮೆಷಿನ್ನುಗಳ ಗಂಟಲು ಹಿಡಿದಿದೆ ಅನ್ನುವುದು ನನ್ನ ಲೆಕ್ಕ, ನನ್ನ ಲೆಕ್ಕ ಅಷ್ಟೇ.

ಇದಿಷ್ಟು ಮಾಡಿಯೂ ಅದೇ ಕೋಡ್ ಬಂದರೆ ಆಮೇಲೆ ಪಂಪು, ಅದಾದ ಮೇಲೆ ಬೋರ್ಡು. ಬೋರ್ಡಿಗೆ ಮೊದಲೇ ಕೈ ಹಾಕುವವರು ಸಾಮಾನ್ಯವಾಗಿ ಏನನ್ನೂ ನೋಡಿರುವುದಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ದಿನಕ್ಕೆ ಇಷ್ಟು ಮನೆ ಮುಗಿಸು ಅಂತ ಅವನ ತಲೆಮೇಲೆ ಯಾರೋ ಕೂತಿರುತ್ತಾರೆ.

ಪ್ರ: ಮೈಕ್ರೋವೇವ್ ಒಳಗೆ ಚಟಪಟ ಕಿಡಿ ಹಾರುತ್ತಿದೆ. ಹಿಂದಿನ ಕವರ್ ಬಿಚ್ಚಿ ನೋಡಲಾ?
– ಓದುಗರು, ಮೈಸೂರು

ಉ: ಬೇಡ. ಬೇಡವೇ ಬೇಡ. ಅದರೊಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2,000ಕ್ಕೆ ಏರಿಸುತ್ತದೆ, ಅಲ್ಲಿಂದ ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಇನ್ನೂ ಮೇಲಕ್ಕೆ ಒಯ್ಯುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟು ಉಳಿದಿರಬಹುದು. ಮನೆಯ ಸಾಮಾನುಗಳಲ್ಲಿ ನಾನು ಬಿಚ್ಚದೆ ಬಿಟ್ಟಿರುವುದು ಎರಡೇ, ಇದು ಮತ್ತು ಹಳೇ ಡಬ್ಬಾ ಟಿವಿ.

ಆದರೆ ನಿಮ್ಮ ಕಿಡಿಗೆ ಕವರ್ ಬಿಚ್ಚಬೇಕಾಗಿಯೇ ಇಲ್ಲ. ಅನ್ನ ಇಡುವ ಗೂಡಿನೊಳಗೆ, ಬಲಗಡೆ ಗೋಡೆಯಲ್ಲಿ, ರಟ್ಟಿನಂತೆ ಕಾಣುವ ಒಂದು ತುಂಡು ಇರುತ್ತದೆ. ಅದು ಅಭ್ರಕದ ಹಾಳೆ. ಅದಕ್ಕೆ ಎಣ್ಣೆ ಜಿಡ್ಡು, ಸಾರಿನ ಹನಿ ಸಿಡಿದು ಸುಟ್ಟು ಕರಕಲಾದಾಗ ಅಲ್ಲೇ ಕಿಡಿ ಹಾರುತ್ತದೆ. ಪ್ಲಗ್ ಕಿತ್ತು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ತೂತು ಬಿದ್ದಿದ್ದರೆ ಹೊಸ ಹಾಳೆ ತಂದು ಅದೇ ಅಳತೆಗೆ ಕತ್ತರಿಸಿ ಹಾಕಬಹುದು.

ಪ್ರ: ಸ್ನಾನ ಮಾಡುವಾಗ ನಲ್ಲಿ ಮುಟ್ಟಿದರೆ ಚಿಮ್ ಅಂತ ಹಿಡಿದ ಹಾಗಾಗುತ್ತದೆ. ಗೀಸರ್ ಆರಿಸಿದರೆ ಇಲ್ಲ. ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದೇವೆ.
– ಓದುಗರು, ಚಿಕ್ಕಮಗಳೂರು

ಉ: ಈ ಪತ್ರ ಓದಿ ಗಾಬರಿಯಾಯಿತು. ಚಪ್ಪಲಿ ಪರಿಹಾರ ಅಲ್ಲ. ಇವತ್ತೇ ಗೀಸರಿನ ಎಂಸಿಬಿ ಇಳಿಸಿ, ಸರಿಯಾಗುವವರೆಗೆ ಒಲೆಯಲ್ಲಿ ನೀರು ಕಾಯಿಸಿ. ಇದನ್ನು ನೀವು ಬಿಚ್ಚಬೇಡಿ, ಲೈಸೆನ್ಸ್ ಇರುವ ವೈರ್‌ಮನ್ನನ್ನು ಕರೆಸಿ.

ನಡೆದಿರುವುದು ಎರಡು ಕೆಡುಕು, ಒಂದಲ್ಲ. ನೀರು ಕಾಯಿಸುವ ಕಾಯಿಲಿನ ಹೊದಿಕೆ ಗಡಸು ನೀರಿನ ಸುಣ್ಣ ಕಟ್ಟಿ ಬಿರುಕು ಬಿಟ್ಟಿರಬೇಕು, ಅದರಿಂದ ಕರೆಂಟು ನೀರಿಗೆ ಸೋರುತ್ತಿದೆ. ಸೋರಿದ ಕರೆಂಟು ಅರ್ಥಿಂಗ್ ಮೂಲಕ ನೆಲಕ್ಕೆ ಹೋಗಬೇಕಿತ್ತು. ನಿಮ್ಮ ಮೈ ಮೂಲಕ ಹೋಗುತ್ತಿದೆ ಅಂದರೆ ಮನೆಯ ಅರ್ಥಿಂಗೇ ಕೆಲಸ ಮಾಡುತ್ತಿಲ್ಲ. ಕಾಯಿಲ್ ಬದಲಿಸಿ ಅರ್ಥಿಂಗ್ ಬಿಟ್ಟರೆ ನಾಳೆ ವಾಷಿಂಗ್ ಮೆಷಿನ್ ಹಿಡಿಯುತ್ತದೆ. ಮನೆ ಹಿಂದೆ ಅರ್ಥ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಇಷ್ಟು ಸೋರಿದ ತಕ್ಷಣ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಅದರ ಮೇಲೆ ಟಿ ಅಂತ ಬರೆದ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇನ್ನೊಂದು ಮಾತು ಎಲ್ಲರಿಗೂ: ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವ ಜಾಣತನ ದಯವಿಟ್ಟು ಬಿಡಿ.

ಪ್ರ: ಗ್ರೈಂಡರ್ ಓಡುತ್ತದೆ, ಆದರೆ ಇಡ್ಲಿ ಹಿಟ್ಟು ಮೊದಲಿನ ಹಾಗೆ ನುಣ್ಣಗಾಗುವುದಿಲ್ಲ. ಗಂಟೆಗಟ್ಟಲೆ ಬಿಡಬೇಕು. ಮೋಟರ್ ವೀಕಾ?
– ಓದುಗರು, ಶಿವಮೊಗ್ಗ

ಉ: ಹಿಟ್ಟು ಗಟ್ಟಿಯಾದಾಗ ಕಲ್ಲು ನಿಂತು ಮೋಟರ್ ಮಾತ್ರ ಗುಂಯ್‌ಗುಟ್ಟಿದರೆ ಬೆಲ್ಟ್ ಸಡಿಲ. ಪ್ಲಗ್ ಕಿತ್ತು ಅಡಿಯ ತಗಡು ತೆಗೆದು, ಮೋಟರಿನ ಬೋಲ್ಟ್ ಸಡಿಲಿಸಿ, ಸ್ವಲ್ಪ ಹಿಂದಕ್ಕೆ ಎಳೆದು ಬಿಗಿದರೆ ಸರಿಹೋಗುತ್ತದೆ. ಬೆಲ್ಟ್ ಬಿರುಕು ಬಿಟ್ಟಿದ್ದರೆ ಅದರ ಮೇಲಿನ ನಂಬರ್ ಬರೆದುಕೊಂಡು ಹೋಗಿ ಅದೇ ತನ್ನಿ.

ಕಲ್ಲು ಸರಿಯಾಗಿಯೇ ತಿರುಗುತ್ತಿದೆ, ಹಿಟ್ಟು ಮಾತ್ರ ಆಗುತ್ತಿಲ್ಲ ಅಂದರೆ ಕಲ್ಲೇ ನುಣುಪಾಗಿದೆ. ಇದಕ್ಕೆ ಮೋಟರ್ ಏನು ಮಾಡೀತು ಪಾಪ. ನಾವು ಚಿಕ್ಕವರಿದ್ದಾಗ ಉಳಿ ಸುತ್ತಿಗೆ ಹಿಡಿದು, ಒರಳು ಕುಟ್ಟುತ್ತೇವೆ ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಹಿತ್ತಲಲ್ಲಿ ಕೂತು ಟಕಟಕ ಅಂತ ಕಲ್ಲಿನ ಮೈಮೇಲೆಲ್ಲ ಚುಕ್ಕಿ ಹೊಡೆದು ಹೋಗುತ್ತಿದ್ದರು. ಗ್ರೈಂಡರ್ ಕಲ್ಲಿಗೂ ಅದೇ ಚಿಕಿತ್ಸೆ. ಈಗ ಗ್ರೈಂಡರ್ ಮಾರುವ ಅಂಗಡಿಯಲ್ಲೇ ವಿಚಾರಿಸಿ, ಕೆಲವರು ಮಾಡಿಕೊಡುತ್ತಾರೆ. ಕುಟ್ಟಿಸಿ ತಂದ ಮೇಲೆ ಮೊದಲು ಒಂದೆರಡು ಸಲ ಬರೀ ಹಳೇ ಅಕ್ಕಿ ರುಬ್ಬಿ ಚೆಲ್ಲಿ, ಇಲ್ಲದಿದ್ದರೆ ಇಡ್ಲಿಯಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಗುತ್ತದೆ.

ಪ್ರ: ನಾನಿಲ್ಲಿ ನೆದರ್ಲೆಂಡ್ಸ್‌ನಲ್ಲಿದ್ದೇನೆ. ನಮ್ಮ ಬಡಾವಣೆಯಲ್ಲಿ ತಿಂಗಳಿಗೊಮ್ಮೆ ರಿಪೇರಿ ಕೆಫೆ ನಡೆಯುತ್ತದೆ. ಊರಿಂದ ತಂದ ಮಿಕ್ಸಿಯನ್ನು ಅಲ್ಲಿ ಒಬ್ಬ ಅಜ್ಜ ಸರಿ ಮಾಡಿಕೊಟ್ಟರು, ಕಾಫಿಯನ್ನೂ ಕೊಟ್ಟರು. ನಮ್ಮ ಕಡೆ ಯಾಕೆ ಇಂಥದ್ದಿಲ್ಲ? ಊರಲ್ಲಿ ಅಮ್ಮನ ಮಿಕ್ಸಿಗೆ ಸ್ಪೇರೇ ಸಿಗುತ್ತಿಲ್ಲವಂತೆ.
– ಕನ್ನಡಿಗ, ಐಂಡ್‌ಹೋವನ್

ಉ: ರಿಪೇರಿ ಕೆಫೆ ಹುಟ್ಟಿದ್ದೇ ನೀವಿರುವ ದೇಶದಲ್ಲಿ. ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲನೆಯದನ್ನು ನಡೆಸಿದರು. ಬೆಂಗಳೂರಿನಲ್ಲೂ 2015ರಿಂದ ರಿಪೇರಿ ಕೆಫೆ ನಡೆದಿದೆ. ಇನ್ನು ನಮ್ಮ ಊರುಗಳಲ್ಲಿ ಅದರ ಅಗತ್ಯ ಬೀಳಲಿಲ್ಲ ಯಾಕೆಂದರೆ ಪ್ರತಿ ಬಸ್‌ಸ್ಟ್ಯಾಂಡ್ ಹಿಂದೆಯೂ ಒಂದು ರೇಡಿಯೊ ರಿಪೇರಿ ಅಂಗಡಿ, ಪಕ್ಕದಲ್ಲಿ ಮೋಟರ್ ಕಟ್ಟುವವನು, ಎದುರಿಗೆ ಸ್ಟೌ ರಿಪೇರಿಯವನು ಇದ್ದೇ ಇರುತ್ತಿದ್ದರು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿದ್ದಾರೆ, ಸ್ಟೌ ರಿಪೇರಿಯವನ ಮಗ ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತಿದ್ದಾನೆ.

ಸ್ಪೇರ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಕೋಪ ಬರುವುದು ಇಲ್ಲೇ. ಹಲ್ಲು ಮುರಿದ ಐವತ್ತು ರೂಪಾಯಿಯ ಗಿಯರಿಗೆ "ಅದು ಬಿಡಿಯಾಗಿ ಬರಲ್ಲ ಸರ್, ಪೂರ್ತಿ ಅಸೆಂಬ್ಲಿ ತಗೋಬೇಕು" ಅನ್ನುವುದು. ಸ್ಕ್ರೂ ಇರಬೇಕಾದ ಕಡೆ ಅಂಟು ಹಾಕುವುದು. ಯಾರ ಬಳಿಯೂ ಇಲ್ಲದ ಆಕಾರದ ತಲೆಯ ಸ್ಕ್ರೂ ಹಾಕುವುದು. ಒತ್ತಿದರೆ ಮುರಿಯುವ, ಒತ್ತದಿದ್ದರೆ ಬಿಚ್ಚದ ಪ್ಲಾಸ್ಟಿಕ್ ಕೊಂಡಿಗಳು. ಇದಕ್ಕೆ ಫ್ರಾನ್ಸಿನವರು 2021ರಲ್ಲಿ ಒಂದು ಉಪಾಯ ಮಾಡಿದರು: ವಾಷಿಂಗ್ ಮೆಷಿನ್, ಟಿವಿ, ಫೋನಿನಂಥ ಸಾಮಾನಿನ ಮೇಲೆ ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಎಂದು ಬರೆದೇ ಮಾರಬೇಕು ಅಂತ ನಿಯಮ ತಂದರು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣ ತೆರೆಯಿತು. ಸೇರಿಕೊಂಡ ಕಂಪನಿಗಳ ಕೈಪಿಡಿ, ಸರ್ವಿಸ್ ಸೆಂಟರ್ ವಿವರ ಒಂದೇ ಕಡೆ ಸಿಗಲಿ ಅನ್ನುವುದು ಉದ್ದೇಶ. ಒಳ್ಳೆಯದೇ. ಆದರೆ ಅದರಿಂದ ನನ್ನ ಗಿಯರ್ ಇನ್ನೂ ಬಂದಿಲ್ಲ.

ಅಮ್ಮನ ಮಿಕ್ಸಿಗೆ: ಮಾಡೆಲ್ ನಂಬರ್, ಹಳೇ ಪಾರ್ಟಿನ ಫೋಟೊ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಲು ಹೇಳಿ. ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರೋಡಿನ ಒಳಗಲ್ಲಿಗಳಲ್ಲಿ ಹುಡುಕುವವರಿದ್ದರೆ ಆ ಫೋಟೊ ಒಂದು ದಿನ ಉಳಿಸುತ್ತದೆ.

ಪ್ರ: ಲೆಕ್ಕ ಹಾಕಿ ಹೇಳಿ ಸಾರ್. ಕೆಟ್ಟ ಇಂಡಕ್ಷನ್ ಸ್ಟೌಗೆ ಎರಡು ಶನಿವಾರ ಕೂತೆ, ಸ್ಕ್ರೂಡ್ರೈವರ್ ಸೆಟ್ 700, ಮಲ್ಟಿಮೀಟರ್ 400, ಪಾರ್ಟ್ 250. ಹೊಸ ಸ್ಟೌ 2,000ಕ್ಕೆ ಬರುತ್ತಿತ್ತು. ಸರಿಯಾಯಿತು ನಿಜ, ಆದರೆ ಇದರಲ್ಲಿ ಏನು ಉಳಿಯಿತು?
– ಓದುಗರು, ತುಮಕೂರು

ಉ: ಬ್ಯಾಂಕಿನವನ ಹತ್ತಿರ ಲೆಕ್ಕ ಕೇಳಿದ್ದೀರಿ. 1,350 ಹೋಯಿತು, 650 ಉಳಿಯಿತು. ಎರಡು ಶನಿವಾರದ ಕೂಲಿ ಹಿಡಿದರೆ ನಷ್ಟವೇ. ನಾನು ಸುಳ್ಳು ಹೇಳುವುದಿಲ್ಲ, ದುಡ್ಡಿಗೋಸ್ಕರ ಮಾಡುವುದಾದರೆ ಮೊದಲ ನಾಲ್ಕೈದು ರಿಪೇರಿ ಯಾವತ್ತೂ ಗಿಟ್ಟುವುದಿಲ್ಲ. ಸ್ಕ್ರೂಡ್ರೈವರ್ ಮತ್ತು ಮೀಟರಿನ ದುಡ್ಡನ್ನು ಈ ಸ್ಟೌ ಒಂದರ ತಲೆಗೇ ಕಟ್ಟಬೇಡಿ ಅಂತ ಮಾತ್ರ ಹೇಳಬಲ್ಲೆ, ಮುಂದಿನ ಸಲಕ್ಕೆ ಅವು ಪುಕ್ಕಟೆ.

ಆದರೆ ನಿಮ್ಮ ಪತ್ರದ ಹಿಂಭಾಗದಲ್ಲಿ ಬೋರ್ಡಿನ ಚಿತ್ರ ಬರೆದು, ಫ್ಯೂಸ್ ಎಲ್ಲಿತ್ತು, ಜಿರಳೆ ಎಲ್ಲಿ ಸುಟ್ಟು ಅಂಟಿಕೊಂಡಿತ್ತು ಅಂತ ಬಾಣ ಹಾಕಿ ತೋರಿಸಿದ್ದೀರಲ್ಲ, ನಷ್ಟವಾದ ಮನುಷ್ಯ ಹಾಗೆ ಬರೆಯುತ್ತಾನಾ? ಮುಂದಿನ ಸಲ ಫ್ಯೂಸ್ ಬದಲಿಸುವ ಮುಂಚೆ ಪಕ್ಕದ ದೊಡ್ಡ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆಯಾ ಮೀಟರಿನಲ್ಲಿ ನೋಡಿ. ಅದು ಹೋಗಿದ್ದರೆ ಹೊಸ ಫ್ಯೂಸ್ ಹಾಕಿದ ಕ್ಷಣದಲ್ಲೇ ಢಂ ಅನ್ನುತ್ತದೆ. ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ನಿಂತಿರುತ್ತದೆ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಇಳಿದಿದೆಯಾ ಅಂತ ಅಳೆದ ಮೇಲೆಯೇ ಕೈ ಹಾಕಿ.

ಪ್ರ: ನಾನು ಒಂಬತ್ತನೇ ಕ್ಲಾಸು. ನನಗೂ ರಿಪೇರಿ ಕಲಿಯಬೇಕು. ಅಪ್ಪ ಏನನ್ನೂ ಮುಟ್ಟಲು ಬಿಡುವುದಿಲ್ಲ. ಯಾವುದರಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉ: ಅಪ್ಪ ಹೇಳುವುದು ಸರಿಯೇ, ಗೋಡೆಗೆ ಚುಚ್ಚುವ ಯಾವುದನ್ನೂ ಈಗ ಬೇಡ. ಸೆಲ್ಲಿನಲ್ಲಿ ಓಡುವುದರಿಂದ ಶುರು ಮಾಡು: ನಿಂತ ಗಡಿಯಾರ, ಉರಿಯದ ಟಾರ್ಚು, ಟಿವಿ ರಿಮೋಟು. ಯಾರಿಗೂ ಬೇಡವಾದ ಒಂದು ಹಳೇ ರಿಮೋಟ್ ಕೇಳಿ ತಗೋ.

ಮೊದಲು ಸೆಲ್ ತೆಗೆದು ಒಳಗಿನ ಸ್ಪ್ರಿಂಗ್ ನೋಡು. ಹಸಿರು ಬಿಳಿ ಪುಡಿ ಕಟ್ಟಿದ್ದರೆ ಹಳೇ ಬ್ರಷ್ಷಿನಿಂದ ಉಜ್ಜಿ ತೆಗೆ, ಕೈ ತೊಳೆದುಕೋ. ಕೆಲವು ಗುಂಡಿ ಮಾತ್ರ ಕೆಲಸ ಮಾಡದಿದ್ದರೆ ಕವರ್ ಬಿಚ್ಚಬೇಕು. ಸುತ್ತಲೂ ಕೊಂಡಿಗಳಿರುತ್ತವೆ, ಹಳೇ ಎಟಿಎಂ ಕಾರ್ಡನ್ನು ಸೀಳಿನಲ್ಲಿ ತೂರಿಸಿ ಮೆಲ್ಲಗೆ ಎಬ್ಬಿಸು, ಚಾಕು ಬೇಡ. ಒಳಗೆ ರಬ್ಬರ್ ಹಾಳೆಯ ಅಡಿಯಲ್ಲಿ ಪ್ರತಿ ಗುಂಡಿಗೂ ಒಂದು ಕಪ್ಪು ಚುಕ್ಕೆ ಇದೆ. ಆ ಚುಕ್ಕೆ ಬೋರ್ಡಿಗೆ ತಾಗಿದಾಗಲೇ ಕರೆಂಟು ಹರಿಯುವುದು. ಬೆರಳಿನ ಜಿಡ್ಡು ಇಳಿದು ಅವೆರಡರ ನಡುವೆ ಕೂತಿರುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಎರಡೂ ಕಡೆ ಒರೆಸಿ ಒಣಗಿಸು.

ಜೋಡಿಸಿದ ಮೇಲೆ ಟಿವಿ ಹತ್ತಿರ ಓಡಬೇಡ. ಅಮ್ಮನ ಫೋನಿನಲ್ಲಿ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದರ ಕಡೆ ಹಿಡಿದು ಗುಂಡಿ ಒತ್ತು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಪರದೆಯ ಮೇಲೆ ನೇರಳೆ ಬಣ್ಣದ ಬೆಳಕು ಮಿಣಮಿಣ ಅನ್ನುತ್ತದೆ. ಕಂಡರೆ ರಿಮೋಟ್ ಬದುಕಿದೆ. ಆಮೇಲೆ ಅಪ್ಪನನ್ನು ಕರೆದು ತೋರಿಸು. ಅವರು ಏನಂದರು ಅಂತ ನನಗೆ ಬರಿ.